ಟೋಸ್ಟ್ ಸ್ಯಾಂಡ್‌ವಿಚ್‌ನಲ್ಲಿ ಪ್ರಥಮ

ಭಾನುವಾರ ಬೆಳಗ್ಗೆ ಎಂಟೂವರೆಗೆ ಬಂದ ಫೋನನ್ನು ಪ್ರಶಾಂತನೇ ಎತ್ತಿದ್ದರೆ ‘ರಾಂಗ್ ನಂಬರ್’ ಎಂದು ಹೇಳಿ ಇಟ್ಟುಬಿಡುತ್ತಿದ್ದ, ಮುಂದಿನ ಫಜೀತಿಯೆಲ್ಲ ತಪ್ಪುತ್ತಿತ್ತು. ಆದರೆ ಆಗ ಅವನ ಮುಖದ ತುಂಬ ಶೇವಿಂಗ್ ನೊರೆ. ಫೋನು ಎತ್ತಿದವಳು ಹೆಂಡತಿ ಸೇವಂತಿ. ಐದು ನಿಮಿಷ ನಗುನಗುತ್ತ ಮಾತಾಡಿ ಬಚ್ಚಲಿನ ಬಾಗಿಲಿಗೆ ಬಂದು ನಿಂತಳು.

“ವಿನೋದಿನಿ ಟೀಚರ್ ಮಾರಾಯ್ರೆ. ಪುಣೆಯಿಂದ ಬಂದಿದ್ದಾರಂತೆ, ಬೊರಿವಲಿಯಲ್ಲಿ ತಮ್ಮನ ಮನೆಯಲ್ಲಿದ್ದಾರೆ. ಇವತ್ತು ನಾಲ್ಕು ಗಂಟೆಗೆ ನಮ್ಮಲ್ಲಿಗೆ ಬರ್ತಾರಂತೆ.”

“ಒಳ್ಳೇದಾಯ್ತಲ್ಲ,” ಎಂದ ಪ್ರಶಾಂತ. ಮನಸ್ಸಿನಿಂದಲೇ ಹೇಳಿದ.

“ನಿಮ್ಮ ಕೈಯ ಟೋಸ್ಟ್ ತಿನ್ಬೇಕಂತೆ. ಮತ್ತೆ ಆ ಪರೀಕ್ಷೆ ದಿನದ ಒಂದು ವಿಷಯ ನಮ್ಮಿಬ್ಬರಿಗೂ ಹೇಳ್ಲಿಕ್ಕುಂಟಂತೆ. ಇಪ್ಪತ್ತೆರಡು ವರ್ಷ ಹೊಟ್ಟೆಯಲ್ಲಿ ಇಟ್ಕೊಂಡದ್ದು ಸಾಕಂತೆ.”

ಬ್ಲೇಡು ಗದ್ದವನ್ನು ಕೊಯ್ಯಿತು. ಸೇವಂತಿ ಟವೆಲು ಕೊಟ್ಟು ಹೋದಳು. ಪ್ರಶಾಂತ ಕನ್ನಡಿಯೊಳಗಿನ ತನ್ನ ಮುಖವನ್ನೇ ನೋಡುತ್ತ ನಿಂತ. ಪೊಲೀಸ್ ಠಾಣೆಯ ಗೋಡೆಯ ಮೇಲೆ ಅಂಟಿಸಬಹುದಾದ ಮುಖದಂತೆ ಕಾಣಿಸಿತು.

ಇಪ್ಪತ್ತೆರಡು ವರ್ಷದ ಹಿಂದೆ ಅವನು ಉಡುಪಿಯಿಂದ ಮುಂಬೈಗೆ ಬಂದು ವಿಮಾನ ನಿಲ್ದಾಣದ ಹತ್ತಿರದ ಕೊರಿಯರ್ ಆಫೀಸಿನಲ್ಲಿ ಗುಮಾಸ್ತನಾಗಿದ್ದ. ಹೊತ್ತಿಗೊಂದು ಕಡೆ ತಿಂದು ತಿಂದು ಹೊಟ್ಟೆಯುರಿ ಹಿಡಿಯಿತು. “ಮನೆ ಅಡುಗೆ ತಿನ್ನಿ, ಇಲ್ಲವಾದರೆ ಕಲಿತುಕೊಳ್ಳಿ,” ಎಂದರು ಡಾಕ್ಟರು. ಹಾಗೆ ಅವನು ಸಾಂತಾಕ್ರೂಜಿನ ವಿನೋದಿನಿ ಟೀಚರ ಅಡುಗೆಮನೆ ಸೇರಿದ್ದು. ಅದು ಮದುವೆಗೆ ನಿಂತ ಹುಡುಗಿಯರಿಗೆ ಮೂರು ತಿಂಗಳಲ್ಲಿ ಅಡುಗೆ ಕಲಿಸುವ ಕ್ಲಾಸು. ಸೇವಂತಿಯೂ ಸೇರಿ ಹನ್ನೊಂದು ಹುಡುಗಿಯರು, ಇವನೊಬ್ಬ. ಟೀಚರಿಗೆ ಅವನ ಮೇಲೆ ಎಲ್ಲಿಲ್ಲದ ಮರುಕ. ಕ್ಲಾಸು ಮುಗಿದ ಮೇಲೆ “ನಿಲ್ಲು ಮಗಾ” ಎಂದು ಡಬ್ಬಿಯಲ್ಲಿ ಅನ್ನ, ತೊವ್ವೆ ಹಾಕಿ ಕೊಡುತ್ತಿದ್ದರು. ಆ ಡಬ್ಬಿಯ ಬಿಸಿ ಅಂಗೈಗೆ ತಾಗಿದಾಗೆಲ್ಲ ಅವನಿಗೆ ಊರಿನ ಅಮ್ಮ ನೆನಪಾಗಿ ಕಣ್ಣು ತುಂಬುತ್ತಿತ್ತು. ಮೂರು ತಿಂಗಳಲ್ಲಿ ಅವನು ಕಲಿತದ್ದಕ್ಕಿಂತ ತಿಂದದ್ದು ಹೆಚ್ಚು.

ಕೊನೆಯ ದಿನ ಪರೀಕ್ಷೆ. ಎಲ್ಲರೂ ಒಂದೇ ತಿಂಡಿ ಮಾಡಬೇಕು, ಬಾಂಬೆ ಟೋಸ್ಟ್ ಸ್ಯಾಂಡ್‌ವಿಚ್. ಬ್ರೆಡ್ಡಿಗೆ ಬೆಣ್ಣೆ, ಹಸಿರು ಚಟ್ನಿ, ಆಲೂ ಪಲ್ಯ, ಮೇಲೆ ಈರುಳ್ಳಿ, ಕ್ಯಾಪ್ಸಿಕಂ. ಉದ್ದ ಹಿಡಿಯ ಟೋಸ್ಟರಿನಲ್ಲಿ ಅದುಮಿ ಗ್ಯಾಸಿನ ಉರಿಯ ಮೇಲೆ ಸುಡುವುದು. ತಟ್ಟೆಗಳನ್ನು ಒಳಕೋಣೆಯಲ್ಲಿ ಸಾಲಾಗಿಟ್ಟು ಪ್ರತಿಯೊಂದರ ಅಡಿಗೂ ಹೆಸರಿನ ಚೀಟಿ. ಮೂವರು ಹಿರಿಯ ಹೆಂಗಸರು ರುಚಿ ನೋಡಿ, ಆಮೇಲೆ ಚೀಟಿ ಬಿಡಿಸಿ ಹೆಸರು ಹೇಳುವುದು ಆ ಮನೆಯ ಪದ್ಧತಿ. ಪ್ರಶಾಂತನ ಟೋಸ್ಟು ಒಂದು ಕಡೆ ಕಪ್ಪು, ಇನ್ನೊಂದು ಕಡೆ ಹಸಿ. ಪಲ್ಯಕ್ಕೆ ಉಪ್ಪೇ ಬಿದ್ದಿರಲಿಲ್ಲ. ನೀರು ಕುಡಿಯುವ ನೆಪದಲ್ಲಿ ಒಳಕೋಣೆಗೆ ಇಣುಕಿದ. ಹೆಂಗಸರು ಚೀಟಿ ಬಿಡಿಸುತ್ತಿದ್ದರು. ಅವನ ಕಪ್ಪು ಟೋಸ್ಟಿನ ಅಡಿಯಿಂದ ಬಂದದ್ದು ಸೇವಂತಿಯ ಹೆಸರು. ಹೊಂಬಣ್ಣದ ಇನ್ನೊಂದರ ಅಡಿಯಿಂದ ಅವನ ಹೆಸರು ಬಂತು, ಪ್ರಥಮ ಬಹುಮಾನವೂ ಬಂತು.

ಇದು ತನ್ನ ಮೇಲಿನ ಪ್ರೀತಿಗೆ ಟೀಚರೇ ಮಾಡಿದ ಕೆಲಸ ಎಂದು ಅವನಿಗೆ ಅನುಮಾನವೇ ಉಳಿಯಲಿಲ್ಲ. ಬಾಯಿ ಬಿಡಬೇಕೆಂದುಕೊಂಡ. ಅಷ್ಟರಲ್ಲಿ ಸೇವಂತಿ ಎದುರಿಗೆ ಬಂದು “ನಿಮ್ಮ ಕೈರುಚಿ ಲಾಯ್ಕ ಉಂಟು” ಎಂದು ನಕ್ಕಳು. ಬಾಯಿ ಮುಚ್ಚಿಹೋಯಿತು. ಆರು ತಿಂಗಳಿಗೆ ಮದುವೆಯಾಯಿತು. ‘ಕೈಯಲ್ಲಿ ಅಂಥ ರುಚಿ ಇರುವವರು ಕೆಟ್ಟವರಾಗಿರಲಿಕ್ಕಿಲ್ಲ’ ಎಂದು ಅವಳು ಅಪ್ಪನನ್ನು ಒಪ್ಪಿಸಿದ್ದಳಂತೆ. ಅವಳ ರುಚಿಯನ್ನೇ ಕದ್ದು ಅವಳನ್ನೇ ಮದುವೆಯಾದ ಪಾಪ ಅಂದಿನಿಂದ ಅವನ ಹೊಟ್ಟೆಯಲ್ಲಿದೆ. ಈಗ ನಾಲ್ಕು ಗಂಟೆಗೆ ಅದು ಹೊರಗೆ ಬೀಳಲಿತ್ತು.

ಮೊದಲ ಉಪಾಯವಾಗಿ ಸೇವಂತಿಯನ್ನೇ ಮನೆಯಿಂದ ಸಾಗಹಾಕಲು ನೋಡಿದ.

“ಪಾರ್ಲೆಗೆ ಹೋಗಿ ನಿನ್ನ ಅಕ್ಕನನ್ನು ನೋಡ್ಕೊಂಡು ಬಾ. ಪಾಪ, ಮೊಣಕಾಲು ನೋವು ಅಂತಿದ್ರು.”

“ಇವತ್ತು ಹಳಿ ರಿಪೇರಿಗೆ ಮೆಗಾಬ್ಲಾಕ್ ಅಲ್ವಾ? ಟ್ರೇನೇ ಇಲ್ಲ. ಅಲ್ಲದೆ ಟೀಚರ್ ಬರುವಾಗ ನಾನು ಹೋಗುವುದೆಂತದು?”

ಮೆಗಾಬ್ಲಾಕ್ ಎಂದದ್ದೇ ಪ್ರಶಾಂತನಿಗೆ ಹೋದ ಜೀವ ಬಂದಂತಾಯಿತು. ಲೋಕಲ್ ಇಲ್ಲದಿದ್ದರೆ ಎಪ್ಪತ್ತೈದು ದಾಟಿದ ಹೆಂಗಸು ಬೊರಿವಲಿಯಿಂದ ಹೇಗೆ ಬಂದಾರು? ಆದರೂ ಒಂದು ವೇಳೆ ಬಂದರೆ, ಈಗಲಾದರೂ ಒಂದು ಒಳ್ಳೆಯ ಟೋಸ್ಟು ತಿನ್ನಿಸಿ ಟೀಚರ ಮನಸ್ಸು ಕರಗಿಸಬೇಕೆಂದು ನಿರ್ಧರಿಸಿ ಬ್ರೆಡ್ಡು ತರಲು ಹೊರಟ.

ಅಂಗಡಿಯಿಂದ ಬರುವಾಗ ಪಕ್ಕದ ಮನೆಯ ರುಕ್ಮಿಣಿಬಾಯಿ ಲಿಫ್ಟಿನ ಎದುರು ಸಿಕ್ಕರು. ವಿಜಯಪುರದ ಕಡೆಯವರು. ಬಿಲ್ಡಿಂಗಿನಲ್ಲಿ ಯಾರ ಮನೆಯ ಕುಕ್ಕರು ಎಷ್ಟು ಸೀಟಿ ಹೊಡೆಯಿತು ಎಂಬುದು ಅವರಿಗೆ ಗೊತ್ತಿರುತ್ತದೆ.

“ಪ್ರಶಾಂತಣ್ಣಾ, ಇಬ್ಬರಿರೂ ಮನಿಗೆ ನಾಕ್ ಬ್ರೆಡ್ ಯಾಕ್ ಬೇಕ್ರಿ? ಯಾರರ ಬರಾವ್ರು ಅದಾರೇನು?”

“ಇಲ್ಲ ಬಾಯಿ, ಸುಮ್ಮನೆ.”

“ಸುಮ್ಮನ ಯಾರೂ ನಾಕ್ ಬ್ರೆಡ್ ತರಂಗಿಲ್ರಿ. ಮತ್ತ ಗದ್ದಕ್ಕ ಏನಾತು?”

ಪ್ರಶಾಂತ ಲಿಫ್ಟು ಬಿಟ್ಟು ಮೆಟ್ಟಿಲು ಹತ್ತಿದ. ಸೇವಂತಿ ಹೂವು ತರಲು ಹೋಗಿದ್ದಳು. ಅಡುಗೆಮನೆಯ ಬಾಗಿಲು ಹಾಕಿಕೊಂಡು ಅಭ್ಯಾಸಕ್ಕೆ ನಿಂತ. ಮೊದಲನೆಯದು ಹರಿಯಿತು, ಎರಡನೆಯದು ಅಂಟಿತು. ಮೂರನೆಯದನ್ನು ಉರಿಯ ಮೇಲಿಟ್ಟು ಟೀಚರಿಗೆ ಏನು ಹೇಳಿ ಬೇಡಿಕೊಳ್ಳಬೇಕೆಂದು ಯೋಚಿಸುತ್ತ ನಿಂತವನಿಗೆ ಬೆಣ್ಣೆ ಹೊತ್ತಿಕೊಂಡದ್ದು ತಿಳಿಯಲಿಲ್ಲ. ಹೊಗೆ ಬಾಗಿಲ ಸಂದಿಯಿಂದ ಹೊರಗೆ ಹೋಗಿ ಪ್ಯಾಸೇಜಿನ ಅಲಾರಂ ಕೂಗಿಕೊಂಡಿತು.

ಸೊಸೈಟಿಯ ಸೆಕ್ರೆಟರಿ ರೋಶನ್ ಬೆಂಕಿ ಆರಿಸುವ ಕೆಂಪು ಸಿಲಿಂಡರು ಹಿಡಿದು ಓಡಿ ಬಂದ. ಮುಂಬೈಯಲ್ಲೇ ಹುಟ್ಟಿದ ಹುಡುಗ, ಕನ್ನಡವನ್ನು ಹಿಂದಿ ಬೆರೆಸಿ ತಡವರಿಸಿ ಮಾತಾಡುತ್ತಾನೆ.

“ಅಂಕಲ್, ಪೂರಾ ಫ್ಲೋರಲ್ಲಿ ಧುವಾ ಉಂಟು. ಗ್ಯಾಸ್ ಬಂದ್ ಮಾಡಿ ನಾ. ಏನ್ ಕರ್ ರಹೇ ಹೋ?”

ಅವನ ಹಿಂದೆ ರುಕ್ಮಿಣಿಬಾಯಿ, ಅವರ ಹಿಂದೆ ಮಹಡಿಯ ನಾಲ್ಕು ಹೆಂಗಸರು. ಅದೇ ಹೊತ್ತಿಗೆ ಹೂವು ಹಿಡಿದು ಬಂದ ಸೇವಂತಿ, “ಇವರ ಅಡುಗೆ ಟೀಚರ್ ಬರ್ತಾರೆ ಸಂಜೆ. ಅದಕ್ಕೇ ಇಷ್ಟು ಗಡಿಬಿಡಿ,” ಎಂದು ಎಲ್ಲವನ್ನೂ ಹೇಳಿಬಿಟ್ಟಳು.

“ಗುರುಗಳು ಬರ್ತಾರಂದ್ರ ನಾವೂ ನಮಸ್ಕಾರ ಮಾಡಬೇಕಲ್ರಿ,” ಎಂದರು ರುಕ್ಮಿಣಿಬಾಯಿ. “ಕುರ್ಚಿ ನಾ ತರ್ತೀನಿ.”

ಹೀಗೆ ಮನೆಯೊಳಗೆ ಮೂವರ ನಡುವೆ ಮುಗಿಯಬಹುದಾಗಿದ್ದ ಮಾನಭಂಗಕ್ಕೆ ಪ್ರೇಕ್ಷಕರೂ ಕುರ್ಚಿಗಳೂ ಸಿದ್ಧವಾದವು.

ಇನ್ನು ಉಳಿದದ್ದು ಒಂದೇ ದಾರಿ. ಟೀಚರನ್ನು ಗೇಟಿನಲ್ಲೇ ಹಿಡಿದು, ಒಬ್ಬರೇ ಇರುವಾಗ ಕಾಲಿಗೆ ಬಿದ್ದು ಸುಮ್ಮನಿರಿಸುವುದು. ಎರಡೂವರೆಗೇ ಹೋಗಿ ವಾಚ್‌ಮನ್‌ನ ಸ್ಟೂಲಿನ ಮೇಲೆ ಕೂತ. ಬರುವ ಪ್ರತಿ ರಿಕ್ಷಾಕ್ಕೂ ಎದ್ದು ನಿಂತ. ಮೂರೂವರೆಗೆ ಒಂದು ರಿಕ್ಷಾ ನಿಂತು ಬಿಳಿ ಕೂದಲಿನ, ನೆಟ್ಟಗಿನ ಬೆನ್ನಿನ ವಿನೋದಿನಿ ಟೀಚರ್ ಇಳಿದರು.

“ಮೆಗಾಬ್ಲಾಕ್ ಮಾರಾಯ, ಬೊರಿವಲಿಯಿಂದ ರಿಕ್ಷಾವೇ ಗತಿ. ಹೇಗಿದ್ದಿ ಮಗಾ? ಬಡಕಲಾಗಿದ್ದಿ.”

ಆ ‘ಮಗಾ’ ಕೇಳಿ ಪ್ರಶಾಂತನಿಗೆ ಭಯದ ನಡುವೆಯೂ ಅವರನ್ನು ನೋಡಿ ನಿಜವಾಗಿ ಸಂತೋಷವಾಗಿತ್ತು. ಕಾಲು ಮುಟ್ಟಿದವನು ಏಳಲೇ ಇಲ್ಲ.

“ಟೀಚರ್, ಆ ಪರೀಕ್ಷೆ ವಿಷಯ ಈಗ ಯಾಕೆ? ಹಳೇದಾಯ್ತಲ್ಲ.”

“ಹಳೇದಾದ್ರೂ ಹಳಸಿದ್ದು ಹಳಸಿದ್ದೇ. ಸೇವಂತಿಯ ಎದುರೇ ಹೇಳ್ಬೇಕು. ಏಳು.”

ಲಿಫ್ಟಿನಲ್ಲಿ ಇನ್ನೊಮ್ಮೆ ಕೈ ಮುಗಿಯೋಣವೆಂದರೆ ರೋಶನ್ ಒಳಗೆ ನುಗ್ಗಿ “ಆಂಟಿ, ಏಕ್ ಸೆಲ್ಫಿ” ಎಂದ. ಆ ಫೋಟೋದಲ್ಲಿ ಇಬ್ಬರು ನಗುತ್ತಿದ್ದಾರೆ, ಮಧ್ಯದಲ್ಲಿ ಒಬ್ಬನ ಕೈ ಮುಗಿದೇ ಇದೆ.

ಹಾಲಿನಲ್ಲಿ ಏಳು ಕುರ್ಚಿ ತುಂಬಿದ್ದವು. ಪ್ರಶಾಂತ ಟೋಸ್ಟು ಮಾಡಿ ತಂದ. ಟೀಚರು ಒಂದು ತುಂಡು ತಿಂದು, ನಿಧಾನಕ್ಕೆ ಅಗಿದು, ತಟ್ಟೆ ಕೆಳಗಿಟ್ಟರು.

“ಉಪ್ಪು ಉಂಟು. ಅಷ್ಟು ಸುಧಾರಿಸಿದ್ದಿ,” ಎಂದರು. ಆಮೇಲೆ ಸೇವಂತಿಯ ಕೈ ಹಿಡಿದುಕೊಂಡರು. “ಅವತ್ತು ಗೆದ್ದದ್ದು ಇವನ ಟೋಸ್ಟ್ ಅಲ್ಲ ಮಗಳೇ. ನಿನ್ನದು. ಮೆಣಸನ್ನು ಸುಟ್ಟು ಚಟ್ನಿಗೆ ಹಾಕ್ತಾ ಇದ್ದದ್ದು ನೀನೊಬ್ಬಳೇ. ನನ್ನ ನಾಲಗೆಗೆ ಗೊತ್ತಾಗದೆ ಇರ್ತದಾ?”

ಕುರ್ಚಿಗಳು ಮುಂದಕ್ಕೆ ಸರಿದವು. ಪ್ರಶಾಂತ ಕಣ್ಣು ಮುಚ್ಚಿಕೊಂಡ. ಬಿದ್ದದ್ದು ಬಿದ್ದುಹೋಯಿತು. ಇನ್ನು ಟೀಚರು ತಾವು ಕರುಣೆಯಿಂದ ಮಾಡಿದ್ದೆಂದು ಹೇಳುತ್ತಾರೆ, ಸೇವಂತಿ ನಾಲ್ಕು ದಿನ ಮಾತು ಬಿಡುತ್ತಾಳೆ, ಅಷ್ಟೇ ಎಂದು ಸಮಾಧಾನ ಮಾಡಿಕೊಂಡ.

“ಇವನು ಚೀಟಿ ಬದಲಾಯಿಸಿದ,” ಎಂದರು ಟೀಚರ್.

ಪ್ರಶಾಂತ ಕಣ್ಣು ಬಿಟ್ಟ. “ನಾನಾ? ಟೀಚರ್, ಅದು ನೀವಲ್ವಾ?”

ಇಡೀ ಹಾಲು ಉಸಿರು ಎಳೆದುಕೊಂಡಿತು. “ಅಯ್ಯ, ತಾ ಮಾಡಿದ್ದು ಗುರುಗಳ ಮ್ಯಾಲ ಹಾಕಾಕತ್ತಾನಲ್ಲ,” ಎಂದರು ರುಕ್ಮಿಣಿಬಾಯಿ.

“ನೀರು ಕುಡಿಯುವ ನೆಪ ಮಾಡಿ ಒಳಕೋಣೆಯ ಬಾಗಿಲಲ್ಲಿ ನಿಂತದ್ದನ್ನು ನನ್ನ ಕಣ್ಣಾರೆ ನೋಡಿದ್ದೇನೆ,” ಎಂದರು ಟೀಚರ್. “ಮುಖ ಬಿಳುಚಿಕೊಂಡಿತ್ತು. ಹೊಟ್ಟೆನೋವಿನ ಹುಡುಗ, ಹತ್ತು ಜನರ ಎದುರು ಮರ್ಯಾದೆ ಹೋಗುವುದು ಬೇಡ ಅಂತ ಸುಮ್ಮನಾದೆ. ಆದ್ರೆ ಅದರಿಂದ ಇವಳಿಗೆ ಬೊರಿವಲಿಯ ಆ ದೊಡ್ಡ ಸಂಬಂಧ ತಪ್ಪಿತು. ಆ ಮನೆಯ ಯಜಮಾನಿಯೇ ಅವತ್ತು ರುಚಿ ನೋಡ್ಲಿಕ್ಕೆ ಕೂತದ್ದು. ಆ ಕರಟಿದ್ದರ ಅಡಿಯಲ್ಲಿ ಸೇವಂತಿಯ ಹೆಸರು ನೋಡಿ ಎದ್ದು ಹೋದ್ರು. ಅದೇ ನಂಗೆ ಇಷ್ಟು ವರ್ಷ ಕೊರೆದದ್ದು.”

ಪ್ರಶಾಂತ ಹೆಂಡತಿಯ ಕಡೆ ನೋಡಿದ. ಅವಳು ತಲೆ ತಗ್ಗಿಸಿ ಎಲ್ಲರಿಗೂ ಇನ್ನೊಂದು ಸುತ್ತು ಚಹಾ ತರಲು ಎದ್ದು ಹೋದಳು. ಪಾಪ, ಅಳು ತಡೆದುಕೊಳ್ಳುತ್ತಿದ್ದಾಳೆ ಎಂದರು ಯಾರೋ.

ಶಿಕ್ಷೆಯನ್ನೂ ಟೀಚರೇ ಹೇಳಿದರು. ಅವರು ಪುಣೆ ಬಿಟ್ಟು ಪಾರ್ಲೆಯಲ್ಲಿ ಮನೆ ಗೊತ್ತುಮಾಡಿದ್ದರು, ಮುಂದಿನ ಭಾನುವಾರದಿಂದ ಮತ್ತೆ ಕ್ಲಾಸು. ಪ್ರಶಾಂತ ಮೊದಲ ಪಾಠದಿಂದ ಮೂರು ತಿಂಗಳು ಕಲಿಯಬೇಕು, ಪಾತ್ರೆಯೂ ತೊಳೆಯಬೇಕು. ರುಕ್ಮಿಣಿಬಾಯಿ ಬಿಟ್ಟೂಬಿಡದೆ ಹಾಜರಿ ನೋಡಿಕೊಳ್ಳುವುದಾಗಿ ಒಪ್ಪಿಕೊಂಡರು. ರೋಶನ್ ಇದನ್ನು ಸೊಸೈಟಿಯ ಗ್ರೂಪಿಗೆ ಹಾಕಿದ.

ಎಲ್ಲರೂ ಹೋದ ಮೇಲೆ ಪ್ರಶಾಂತ ಅಡುಗೆಮನೆಯ ಬಾಗಿಲಲ್ಲಿ ನಿಂತ.

“ಸೇವಂತಿ, ಆಣೆಯಿಟ್ಟು ಹೇಳ್ತೇನೆ, ಚೀಟಿ ಬದಲಾಯಿಸಿದ್ದು ನಾನಲ್ಲ.”

“ಗೊತ್ತುಂಟು,” ಎಂದಳು ಅವಳು. “ಆ ತಟ್ಟೆಗಳನ್ನು ಒಳಗೆ ತೆಗೆದುಕೊಂಡು ಹೋಗಿ ಇಟ್ಟದ್ದು ನಾನು. ಚೀಟಿ ಬದಲಾಯಿಸಿದ್ದೂ ನಾನೇ.”

ಪ್ರಶಾಂತ ಬಾಗಿಲ ಚೌಕಟ್ಟು ಹಿಡಿದುಕೊಂಡ.

“ಹದಿನಾಲ್ಕು ಜನರ ಮನೆ ಅದು,” ಎಂದಳು ಸೇವಂತಿ. “ಹುಡುಗಿ ಫಸ್ಟ್ ಬಂದ್ರೆ ಅವತ್ತೇ ಹೂವು ಮುಡಿಸ್ತೇವೆ ಅಂತ ಆ ಯಜಮಾನಿ ಅಮ್ಮನ ಹತ್ರ ಹೇಳಿದ್ರು. ನಾನು ಜೀವಮಾನವಿಡೀ ಬೊರಿವಲಿಯಲ್ಲಿ ದೋಸೆ ಹೊಯ್ತಾ ಕೂರುವುದಾ?”

“ಅದಕ್ಕೆ ನನ್ನ ಚೀಟಿಯನ್ನೇ ಯಾಕೆ ಆರಿಸಿದೆ?” ಎಂದ ಪ್ರಶಾಂತ. ದನಿಯಲ್ಲಿ ಸ್ವಲ್ಪ ಆಸೆ ಇತ್ತು.

“ಹನ್ನೆರಡು ತಟ್ಟೆಯಲ್ಲಿ ಅಷ್ಟು ಕೆಟ್ಟದ್ದು ಬೇರೆ ಇರ್ಲಿಲ್ಲ.” ಅವಳು ಟೋಸ್ಟರು ಒರೆಸಿಟ್ಟಳು. “ಮತ್ತೆ ಪ್ರೈಜ್ ಸಿಕ್ಕಿದ್ದಕ್ಕೆ ಅಳುಮೋರೆ ಮಾಡ್ಕೊಂಡು ನಿಂತವರನ್ನು ನಾನು ಅಲ್ಲಿಯವರೆಗೆ ನೋಡಿರ್ಲಿಲ್ಲ. ಅದು ಇಷ್ಟವಾಯ್ತು.”

ಪ್ರಶಾಂತನಿಗೆ ಸಿಟ್ಟು ಬರಬೇಕೋ ಸಂತೋಷಪಡಬೇಕೋ ತಿಳಿಯಲಿಲ್ಲ. ಎರಡನ್ನೂ ಸ್ವಲ್ಪ ಸ್ವಲ್ಪ ಪಟ್ಟು, ಕೊನೆಗೆ ಗಂಡಸಿನ ಗಾಂಭೀರ್ಯ ತಂದುಕೊಂಡು, “ಹಾಗಾದ್ರೆ ಈಗಲೇ ಟೀಚರಿಗೆ ಫೋನ್ ಮಾಡಿ ನಿಜ ಹೇಳು,” ಎಂದ.

“ಹೇಳದೆ ಇರ್ತೇನಾ? ಖಂಡಿತ ಹೇಳ್ತೇನೆ,” ಎಂದಳು ಸೇವಂತಿ. “ಮೂರು ತಿಂಗಳು ಹೋಗಿ ಅನ್ನ, ಸಾರು, ಪಲ್ಯ ಎಲ್ಲ ಕಲ್ತು ಬನ್ನಿ. ಆಮೇಲೆ ಹೇಳ್ತೇನೆ.”