ಐದು ಹಾರ, ಒಂದು ಬೆಕ್ಕು

ಭೌತಶಾಸ್ತ್ರದ ಮೇಷ್ಟ್ರಾದವನಿಗೆ ದುಬೈಯಲ್ಲಾದರೂ ನೆಮ್ಮದಿಯಾಗಿ ಪಾಠ ಮುಗಿಸಿ ಮನೆ ಸೇರುವ ಭಾಗ್ಯವಿಲ್ಲ; ಏನಾದರೊಂದು ಆಗುತ್ತಲೇ ಇರುತ್ತದೆ. ಈಚೆಗೆ ನಮ್ಮ ಕನ್ನಡ ಸಂಘದವರು ಕ್ವಾಂಟಮ್ ವಿಜ್ಞಾನವನ್ನು ಕಟ್ಟಿದ ನಾಲ್ವರು ವಿಜ್ಞಾನಿಗಳ ಬಗ್ಗೆ ಭಾಷಣ ಮಾಡಿ ಎಂದರು. ಆ ವಿಜ್ಞಾನದಲ್ಲಿ ಬರುವ ಬೆಕ್ಕಿನ ಕಥೆಯನ್ನು ಒಬ್ಬರಿಗಾದರೂ ಅರ್ಥ ಮಾಡಿಸಬೇಕೆಂಬುದು ನನ್ನ ಬಹುಕಾಲದ ಆಸೆ. ಒಪ್ಪಿಕೊಂಡೆ.

೧. ಮನೆಯಲ್ಲಿ ತಾಲೀಮು

ಅಲ್ ಬರ್ಷಾದ ಫ್ಲ್ಯಾಟಿನಲ್ಲಿ ಮೊದಲು ಕೇಳಿಸಿಕೊಂಡವಳು ನನ್ನ ಹೆಂಡತಿ, ಉಡುಪಿ ಕಡೆಯವಳು.

"ಮುಚ್ಚಿದ ಪೆಟ್ಟಿಗೆಯಲ್ಲಿ ಒಂದು ಬೆಕ್ಕು, ಪಕ್ಕದಲ್ಲಿ ವಿಷ. ವಿಷ ಚೆಲ್ಲಿತೋ ಇಲ್ಲವೋ ಗೊತ್ತಿಲ್ಲ. ತೆರೆದು ನೋಡುವವರೆಗೆ ಬೆಕ್ಕು ಬದುಕಿಯೂ ಇದೆ, ಸತ್ತೂ ಇದೆ" ಎಂದೆ.

"ಎರಡೂ ಒಟ್ಟಿಗೆ ಹೇಗೆ ಆಗ್ತದೆ ಮಾರ್ರೆ? ಪಾಪದ ಬೆಕ್ಕು!"

"ನಿಜವಾದ ಬೆಕ್ಕಲ್ಲ. ವಿಜ್ಞಾನಿ ಮನಸ್ಸಿನಲ್ಲೇ ಮಾಡಿದ ಪ್ರಯೋಗ."

"ಮನಸ್ಸಿನಲ್ಲೇ ಅಂದ್ಮೇಲೆ ಅದನ್ನು ಬದುಕಿಸ್ಲಿಕ್ಕೆ ಅವರಿಗೆ ಎಂತ ಕಷ್ಟ?"

೨. ಕಾರ್ಯದರ್ಶಿಯ ಸಂದೇಹ

ಸಂಘದ ಕಾರ್ಯದರ್ಶಿ ಮೈಸೂರಿನವರು, ಬಲು ಅಚ್ಚುಕಟ್ಟು. ಬರ್ ದುಬೈಯ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ, ಮೊದಲ ವಿಜ್ಞಾನಿ ಏನು ಹೇಳಿದರು ಎಂದು ಕೇಳಿದರು.

"ಶಕ್ತಿ ಧಾರೆಯಾಗಿ ಬರುವುದಿಲ್ಲ, ತುಣುಕು ತುಣುಕಾಗಿ ಬರುತ್ತದೆ ಅಂದರು. ತಮಾಷೆ ಏನೆಂದರೆ, ಅದನ್ನು ನಂಬೋಕೆ ಅವರಿಗೇ ಎಷ್ಟೋ ವರ್ಷ ಮನಸ್ಸಾಗಲಿಲ್ಲ."

"ಮತ್ತೆ ನಮ್ಮ ಜನ ಒಂದು ಗಂಟೇಲಿ ನಂಬ್ತಾರಾ ಸರ್? ಅರ್ಧ ಗಂಟೆ ಮಾತಾಡಿ, ಆಮೇಲೆ ಬಿಸಿಬೇಳೆಬಾತ್ ಇದೆ."

ಹೊರಡುವಾಗ, "ಆ ನಾಲ್ಕೂ ಜನ ವಿಜ್ಞಾನಿಗಳು ತೀರಿಕೊಂಡಿದ್ದಾರೆ ತಾನೇ? ಫೋಟೋಗೆ ಹಾರ ಹಾಕಿಸ್ತೀನಿ. ಭಾಷಣಕಾರರು ಅಂತ ನಿಮ್ಮದೂ ಒಂದು ಫೋಟೋ ಕಳಿಸಿಬಿಡಿ" ಎಂದರು. ಚೆನ್ನಾಗಿ ನಗುತ್ತಿರುವುದನ್ನೇ ಆರಿಸಿ ಕಳಿಸಿದೆ.

೩. ವೇದಿಕೆ

ಪರದೆ ಸರಿಯಿತು. ಮೇಜಿನ ಮೇಲೆ ಸಾಲಾಗಿ ಐದು ಫೋಟೋ. ನಾಲ್ವರು ವಿಜ್ಞಾನಿಗಳು ಗಂಭೀರವಾಗಿದ್ದರು, ಐದನೆಯವನಾದ ನಾನು ಹಲ್ಲು ಕಿರಿಯುತ್ತಿದ್ದೆ. ಅಲಂಕಾರದವರು ಭೇದ ಮಾಡಿರಲಿಲ್ಲ: ಐವರಿಗೂ ಮಲ್ಲಿಗೆ ಹಾರ, ಹಣೆಗೆ ಕುಂಕುಮ, ಮುಂದೆ ಊದುಬತ್ತಿ.

ನಿರೂಪಕಿ ಹೊಸಬಳು. ಹಾರಗಳನ್ನು ನೋಡಿ ದನಿ ತಗ್ಗಿಸಿ, "ನಮ್ಮನ್ನಗಲಿದ ಈ ಐವರು ಮಹನೀಯರಿಗಾಗಿ ಒಂದು ನಿಮಿಷ ಮೌನ" ಎಂದಳು. ಸಭೆ ಎದ್ದು ನಿಂತಿತು. ಏನು ಮಾಡಲಿ? ನಾನೂ ಎದ್ದು, ತಲೆ ತಗ್ಗಿಸಿ, ನನಗೆ ಶ್ರದ್ಧಾಂಜಲಿ ಸಲ್ಲಿಸಿದೆ. ಸಂಕಟವೂ ಆಯಿತು, ನಗುವೂ ಬಂತು.

ಮೌನ ಮುಗಿದ ಮೇಲೆ ಮೈಕ್ ಹಿಡಿದು "ನಮಸ್ಕಾರ" ಅಂದೆ. ಸಭೆ ಒಮ್ಮೆ ಫೋಟೋ ನೋಡಿತು, ಒಮ್ಮೆ ನನ್ನನ್ನು ನೋಡಿತು. ಆಗ ಮುಂದಿನ ಸಾಲಿನಿಂದ ನನ್ನ ಹೆಂಡತಿಯ ದನಿ ಕೇಳಿಸಿತು:

"ಹಾಂ! ಈಗ ಆ ಬೆಕ್ಕಿನದ್ದು ಅರ್ಥ ಆಯ್ತು ಮಾರ್ರೆ!"