ಅರವತ್ತನಾಲ್ಕು ಬಿಟ್‌ನ ಲಗ್ನಪತ್ರಿಕೆ

ಕಂಪ್ಯೂಟರ್ ಬದಲಿಸುವ ಬುದ್ಧಿ ಮನುಷ್ಯನಿಗೆ ಬರುವುದೇ ಹಳೆಯದು ಚೆನ್ನಾಗಿ ನಡೆಯುತ್ತಿರುವಾಗ. ಗೋಕಾಕದ ಕೋರ್ಟಿನ ಎದುರು ಅರ್ಜಿ, ಲಗ್ನಪತ್ರಿಕೆ ಟೈಪ್ ಮಾಡಿಕೊಂಡು ಹಾಯಾಗಿದ್ದ ನನಗೂ ಹಾಗೇ ಬಂತು. ಹಳೆಯದು ಮೂವತ್ತೆರಡು ಬಿಟ್‌ನದು, ಹೊಸದು ಅರವತ್ತನಾಲ್ಕು ಎಂದ ಬೆಳಗಾವಿಯ ವ್ಯಾಪಾರಿ. ಎರಡು ಪಟ್ಟು ಎಂದ ಮೇಲೆ ಹಿಂದುಮುಂದು ನೋಡುವುದೇನು? ಫೈಲುಗಳನ್ನೆಲ್ಲ ಸಿಡಿಗೆ ಹಾಕಿಕೊಂಡು ಹಳೆಯದನ್ನು ಅವನಿಗೇ ಕೊಟ್ಟುಬಿಟ್ಟೆ.

ಹೊಸ ಯಂತ್ರ ನನ್ನ ಹಳೇ ಕನ್ನಡ ಸಾಫ್ಟ್‌ವೇರನ್ನು ಹೊಸ್ತಿಲೊಳಗೇ ಬಿಟ್ಟುಕೊಳ್ಳಲಿಲ್ಲ. ಅದಿಲ್ಲದೆ ಫೈಲು ತೆರೆದರೆ ಬರೀ ಚುಕ್ಕೆ, ಕೊಕ್ಕೆ. ವ್ಯಾಪಾರಿಗೆ ಫೋನ್ ಮಾಡಿದೆ. "ಪ್ರೊಸೆಸರ್ ಜಾತೀನ ಬ್ಯಾರೆ ಐತ್ರಿ. ನಿಮ್ಮ ಸಾಫ್ಟ್‌ವೇರ್ ಅದಕ್ಕ ಹೊಂದಾಂಗಿಲ್ಲ" ಎಂದ. ಹಳೆಯದನ್ನಾದರೂ ವಾಪಸು ಕೊಡಪ್ಪಾ ಎಂದರೆ, "ಬಿಚ್ಚಿ ಪಾರ್ಟ್ ಮಾರಿದಿವ್ರಿ" ಎಂದು ಸಮಾಧಾನವಾಗಿ ಹೇಳಿದ.

ಬೇರೆಯವರ ಕೆಲಸವಾದರೆ ಹೊಸದಾಗಿ ಕುಟ್ಟಿಬಿಡುತ್ತಿದ್ದೆ. ಆದರೆ ಅದೇ ವಾರ ಕಣಗಲಾದಿಂದ ನಮ್ಮ ಮಾವನವರು ಕಿರಿಯ ಮಗನ ಲಗ್ನಪತ್ರಿಕೆ ಮಾಡಿಸಲು ಬಂದು ಕುಳಿತರು. ನಮ್ಮ ಕಡೆ ಪತ್ರಿಕೆಯಲ್ಲಿ ಕಾಕಾ, ಬೀಗರು, ಅಳಿಯಂದಿರು ಎಲ್ಲರ ಹೆಸರೂ ಬರಬೇಕು. ಯಾವುದು ಮೇಲೆ, ಯಾವುದು ಕೆಳಗೆ ಎಂಬುದಕ್ಕೇ ಮಾತು ಬಿಟ್ಟವರಿದ್ದಾರೆ. ಹಿರಿಯ ಮಗನ ಮದುವೆಯಲ್ಲಿ ಊರಿನ ಪಂಚರು ಎರಡು ಸಲ ಕೂಡಿ ಗಟ್ಟಿ ಮಾಡಿದ ಹೆಸರುಗಳ ಸಾಲು ನನ್ನ ಫೈಲಿನಲ್ಲಿತ್ತು. ಹಳೇ ಪತ್ರಿಕೆ ಯಾರ ಮನೆಯಲ್ಲೂ ಉಳಿದಿರಲಿಲ್ಲ. ನನಗೆ ನಿಜಕ್ಕೂ ಅಳು ಬಂತು. ಹೆಸರು ಕೆಳಗಾಯಿತೆಂದು ಒಬ್ಬರು ಊಟ ಬಿಟ್ಟು ಎದ್ದರೂ ಹೆಂಡತಿ ನನ್ನನ್ನು ಜನ್ಮವಿಡೀ ಬಿಡುವವಳಲ್ಲ.

ಮಾವನವರು ಗಾಬರಿಯಾಗಲಿಲ್ಲ. "ಚಿಂತಿ ಮಾಡಬ್ಯಾಡ್ರಿ ಅಳಿಯಾರ. ಪಂಚರು ಹೇಳಿದ್ದು ನನ್ನ ನೆನಪಿನ್ಯಾಗ ಐತಿ. ನೀವು ಬರಕೋತ ಹೋಗ್ರಿ" ಎಂದು ಕಣ್ಣು ಮುಚ್ಚಿಕೊಂಡು ಹೇಳತೊಡಗಿದರು. ಹೇಗೋ ಹೊಸ ಯಂತ್ರಕ್ಕೆ ಒಪ್ಪುವ ಬೇರೆ ಕನ್ನಡ ಅಕ್ಷರ ತುಂಬಿಸಿಕೊಂಡು ನಾನು ಕುಟ್ಟಿದೆ. ಕಾಕಾಗಳು ಮುಗಿದರು, ಬೀಗರು ಮುಗಿದರು. ಅಳಿಯಂದಿರಲ್ಲಿ ಅವರು ಮೊದಲು ಹೇಳಿದ್ದು ಹೆಂಡತಿಯ ಅಕ್ಕನ ಗಂಡ, ಮೂಡಲಗಿಯಲ್ಲಿರುವ ನನ್ನ ಷಡ್ಡಕರ ಹೆಸರು, ಆಮೇಲೆ ನನ್ನದು.

ನನ್ನ ಬೆರಳುಗಳು ನಿಂತವು. ಕಳೆದ ಸಲವೂ ಪಂಚರು ಹೇಳಿದ್ದು ಹಾಗೆಯೇ. ಆದರೆ ಟೈಪ್ ಮಾಡಿದವನು ನಾನಲ್ಲವೇ? ನನ್ನ ಹೆಸರನ್ನು ಸದ್ದಿಲ್ಲದೆ ಮೇಲೆ ಕೂರಿಸಿದ್ದೆ. ಷಡ್ಡಕರು ಅಂದಿನಿಂದ ನಮ್ಮ ಮನೆಯ ಕಡೆ ತಲೆ ಹಾಕಿಲ್ಲ. ಕೇಳಿದವರಿಗೆಲ್ಲ ಕಂಪ್ಯೂಟರಿನ ತಪ್ಪು ಎಂದು ಹೇಳಿ ಪಾರಾಗಿದ್ದೆ.

ಮಾವನವರು ಕಣ್ಣು ತೆರೆಯದೆಯೇ ಕೇಳಿದರು, "ಹೊಸಾದು ಅಂಥಾ ತಪ್ಪ ಮಾಡಾಂಗಿಲ್ಲಲ್ರಿ?"

"ಮಾಡಾಂಗಿಲ್ರಿ" ಎಂದು ಷಡ್ಡಕರ ಹೆಸರನ್ನು ಮೇಲೆ ಕುಟ್ಟಿದೆ.