ಮನೆ ಬಿಟ್ಟು ಹೊರಟವರ ಮನೆ

ಹಳಿಯಾಳದ ಆ ಮನೆಗೆ ನಾನು ಸೊಸೆಯಾಗಿ ಬಂದದ್ದು ಯುದ್ಧದ ಕಾಲದಲ್ಲಿ. ಗಂಡನ ಅಜ್ಜ, ಅಜ್ಜಿ, ನನ್ನ ಅತ್ತೆ, ಮಾವ, ಮಾವನ ತಮ್ಮ ಕಾಕಾನ ಸಂಸಾರ, ಮುಂದೆ ನನ್ನ ಕೂಸು, ಎಲ್ಲರೂ ಒಂದೇ ಸೂರಿನಡಿ. ಒಬ್ಬರಿಗೂ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ದಿನಾ ಯಾರಾದರೊಬ್ಬರು ಮನೆ ಬಿಡಲು ಹೊರಟಿರುತ್ತಿದ್ದರು. ಬಿಟ್ಟವರನ್ನು ಮಾತ್ರ ನಾನು ಕಾಣೆ.

ಮುಂಡಗೋಡದ ದಾರಿ

ಒಂದು ಮುಂಜಾನೆ ಅಜ್ಜನಿಗೆ ಚಹಾ ತಣ್ಣಗಾಗಿ ಬಂತು. ಕೋಲು, ಗಂಟು ಹಿಡಿದು ಎದ್ದೇಬಿಟ್ಟರು. "ಮುಂಡಗೋಡಕ್ಕ ಮಗಳ ಮನಿಗೆ ಹೋಗ್ತೇನಿ. ಯಾರೂ ಅಡ್ಡ ಬರಬ್ಯಾಡ್ರಿ."

ಬೇರೆ ದಿನವಾಗಿದ್ದರೆ ಯಾರಾದರೂ ಗಂಟು ಕಸಿದುಕೊಳ್ಳುತ್ತಿದ್ದರು. ಅಂದು ಭತ್ತ ಬಡಿಯುವ ಗಡಿಬಿಡಿ, ಯಾರೂ ತಲೆ ಎತ್ತಲಿಲ್ಲ. ಅಜ್ಜ ಪಕ್ಕದ ಓಣಿಯ ಸಾಹೇಬರ ಬಂಡಿ ಹತ್ತಿದರು.

ಸ್ವಲ್ಪ ಹೊತ್ತಿಗೆ ಬಂಡಿ ನಮ್ಮ ಮನೆ ಮುಂದೆ ಹಾದುಹೋಯಿತು. ಅಜ್ಜ ಮುಖ ಆ ಕಡೆ ತಿರುಗಿಸಿ ಕೂತಿದ್ದರು. ಮತ್ತೊಂದಿಷ್ಟು ಹೊತ್ತಿಗೆ ಅದೇ ಬಂಡಿ, ಈ ಸಲ ಎದುರು ದಿಕ್ಕಿನಿಂದ. ಮನೆಯೊಳಗೆ ಕೇಳುವಂತೆ ಅಜ್ಜ, "ಸಾವಕಾಶ ಹೊಡಿ ಸಾಹೇಬಾ, ದೂರದ ಹಾದಿ" ಅಂದರು. ಬಂಡಿ ಮತ್ತೆ ಬಂದಾಗ ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಹೋಗಿ, "ಮಾವಾರ, ರೊಟ್ಟಿ ಆಗ್ಯಾವ, ಬರ್ರಿ" ಅಂತ ಕರೆದರು.

ಅಜ್ಜ ಇಳಿಯುತ್ತಾ, "ನೋಡ್ದಿ ಸಾಹೇಬಾ? ಬಿಡೂದಿಲ್ಲ ಇವರು" ಅಂದರು.

"ಹೌದರಿ ಅಜ್ಜಾರ," ಅಂದರು ಸಾಹೇಬರು. "ಮುಂಡಗೋಡ ಇಷ್ಟ ಹತ್ರ ಐತಿ ಅಂತ ನನಗೂ ಗೊತ್ತಿರಲಿಲ್ಲ."

ಕೆಮ್ಮು

ಅಜ್ಜಿ ಒಳಕೋಣೆಯಿಂದ ಕೆಮ್ಮಿದರೆ ಅತ್ತೆ ಕೂತಲ್ಲಿಂದ ಜಿಗಿದು ಏಳಬೇಕು. ತಾನೇ ಮೊಮ್ಮಗಳನ್ನು ಕಂಡಿದ್ದರೂ ಅತ್ತೆಗೆ ತನ್ನ ಅತ್ತೆಯ ಭಯ ಹೋಗಿರಲಿಲ್ಲ. ನನ್ನ ಮಗಳು ಮಾತಿಗಿಂತ ಮೊದಲು ಕಲಿತದ್ದು ಆ ಕೆಮ್ಮನ್ನೇ. ಅತ್ತೆ ಕಾಲು ಚಾಚಿ ಎಲೆ ಅಡಿಕೆಗೆ ಕೂತರೆ ಸಾಕು, ಬಾಗಿಲ ಮರೆಯಿಂದ ಖೊಕ್ ಖೊಕ್. ಅತ್ತೆ ಎದ್ದು ಕಸಬರಿಗೆ ಹಿಡಿಯುವರು, ಕೂಸು ಕೈ ತಟ್ಟಿ ನಗುವುದು.

ಕಡೆಗೆ ಅತ್ತೆಗೆ ಗುಟ್ಟು ತಿಳಿಯಿತು. ಒಂದು ಮಧ್ಯಾಹ್ನ ಕೆಮ್ಮು ಕೇಳಿದರೂ ಏಳಲಿಲ್ಲ. ಕೆಮ್ಮೂ ನಿಲ್ಲಲಿಲ್ಲ. ಅತ್ತೆ ಎಲೆಗೆ ಸುಣ್ಣ ಹಚ್ಚುತ್ತಾ, "ಕೆಮ್ಮು, ಕೆಮ್ಮು, ನಿನ್ನ ಆಟ ನನಗ ಗೊತ್ತೈತಿ" ಅಂದರು. ತಲೆ ಎತ್ತಿದರೆ ಎದುರಿಗೆ ಅಜ್ಜಿ.

"ಕೂಸು ಅಂತ ತಿಳಿದ್ನಿರಿ ಅತ್ತಿಯಾರ."

ಅಜ್ಜಿ ಅವರ ಪಕ್ಕದಲ್ಲೇ ಕೂತು, "ಹಂಗಾರ ಅಳ್ತೇನಿ. ತೊಡಿ ಮ್ಯಾಲ ಹಾಕ್ಕೊ" ಅಂದರು.

ಗೋಡೆ

ಜಗಳಕ್ಕೆ ಕಾರಣ ಬಚ್ಚಲು. ಮುಂಜಾನೆ ಮೊದಲ ಸ್ನಾನ ಯಾರದು ಅಂತ ಮಾವನಿಗೂ ಕಾಕಾನಿಗೂ ದಿನಾ ಹತ್ತುತ್ತಿತ್ತು. ಒಂದು ಬೇಸಿಗೆಯಲ್ಲಿ ಅದು ಬಲಿತು ಇಬ್ಬರೂ ಮಾತು ಬಿಟ್ಟರು. ಮನೆ ಎರಡಾಗುವುದೇ ಸೈ ಅಂತಾಯಿತು. ಗೋಡೆ ಕಟ್ಟಲು ಗೌಂಡಿ ಬಂದು ಪಡಸಾಲೆಯ ನಡುವೆ ಸುಣ್ಣದ ಗೆರೆ ಎಳೆದ. ಒಳಗೆ ಅತ್ತೆ ಮತ್ತು ಕಾಕಾನ ಹೆಂಡತಿ ಪಾತ್ರೆ ಹಂಚಿಕೊಳ್ಳಲು ಕೂತರು. ಎದುರೆದುರು ಕೂತು ಇಬ್ಬರೂ ಅತ್ತರು, ಪಾತ್ರೆ ಮುಟ್ಟಲಿಲ್ಲ.

ಅಜ್ಜ ತಮ್ಮ ಹೊರಸು ಎಳೆದು ತಂದು ಗೆರೆಯ ಮೇಲೆ ಅಡ್ಡ ಹಾಕಿ ಮಲಗಿದರು. ತಲೆ ಮಾವನ ಪಾಲಿನಲ್ಲಿ, ಕಾಲು ಕಾಕಾನ ಪಾಲಿನಲ್ಲಿ.

"ಸರೀರಿ ಅಜ್ಜಾರ" ಅಂದ ಗೌಂಡಿ.

"ಯಾವ ಕಡೆ ಸರೀಲಿ? ಇವರನ್ನ ಕೇಳು."

ಇಬ್ಬರೂ ಮುಖ ಆಚೆ ತಿರುಗಿಸಿದರು. ಅಜ್ಜ ಮಲಗಿದಲ್ಲಿಂದಲೇ ಬೈಯಲು ಸುರುಮಾಡಿದರು. ಬಾಯಿ ಮಾವನ ಕಡೆ ಇದ್ದುದರಿಂದ ಬೈಗಳೆಲ್ಲ ಮಾವನಿಗೇ. ಊಟದ ಹೊತ್ತಿಗೆ ಮಾವನಿಗೆ ಸಾಕುಸಾಕಾಯಿತು. ಬಿಟ್ಟಿದ್ದ ಮಾತು ಆಗ ಆಡಿದರು.

"ತಮ್ಮಾ, ಅಪ್ಪನ ತಲಿ ನಿನ್ನ ಕಡೆ ಮಾಡ್ಕೊ."

"ಬ್ಯಾಡಣ್ಣಾ, ನನಗ ಕಾಲ ಸಾಕು. ಒತ್ತಿಕೋತ ಇರ್ತೇನಿ."

"ಹಂಗಾರ ಬೈಸ್ಕೊಳ್ಳೂದು ನಾ ಒಬ್ಬನ ಏನು?"

ಕಾಕಾ ನಕ್ಕುಬಿಟ್ಟರು. ಮಾವನಿಗೂ ತಡೆಯಲಾಗಲಿಲ್ಲ. ಕಾಲಿನಿಂದ ಗೆರೆ ಒರೆಸಿ, "ಗೋಡಿ ಬ್ಯಾಡಪಾ, ನೀ ಹೋಗು" ಅಂದರು ಗೌಂಡಿಗೆ.

ಅವನು ಸಾಮಾನು ಚೀಲಕ್ಕೆ ತುಂಬುವಾಗ ಅಜ್ಜ ಹೊರಸಿನ ಮೇಲೆ ಎದ್ದು ಕೂತರು.

"ಎಲ್ಲಿಗೆ ಹೊಂಟಿ? ಉಂಡು ಇಲ್ಲೇ ಮಲಕ್ಕೊ. ನಾಳೆ ಇವರಿಬ್ಬರ ಸ್ನಾನ ಆಗಲಿ, ಆಮ್ಯಾಲ ಹೋಗಿಯಂತ."